ಗುಡ್ಡಕ್ಕೆ ಪ್ರಭಾವಳಿ ಯಾಕೆ ಸ್ವಾಮಿ?

ಹೋದ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗಿದ್ದಾಗ ನಮ್ಮ ಗದ್ದೆ, ಅದರ ಹಿಂದಿನ ಗುಡ್ಡ, ಮೇಲೆ ಹತ್ತಿಯಂಥ ಬಿಳಿ ಮೋಡ ಎಲ್ಲ ಸೇರಿಸಿ ಒಂದು ಎಚ್‌ಡಿಆರ್ ಫೋಟೋ ತೆಗೆದೆ. ಬೆಂಗಳೂರಿಗೆ ಬಂದು ಸಾಫ್ಟ್‌ವೇರಿಗೆ ಹಾಕಿ ಇದ್ದಬದ್ದ ಸ್ಲೈಡರನ್ನೆಲ್ಲ ಬಲಕ್ಕೆ ಎಳೆದೆ. ಆಫೀಸಿನಲ್ಲಿ ಎಲ್ಲರೂ "ಸಖತ್ ಗುರೂ" ಅಂದರು. ಉಬ್ಬಿಹೋಗಿ ದೊಡ್ಡ ಪ್ರಿಂಟ್ ಹಾಕಿಸಿ ಯುಗಾದಿಗೆ ಅಪ್ಪನ ಕೈಗಿಟ್ಟೆ.

ಅಪ್ಪ ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿ, "ಯಾವೂರೋ ಇದು?" ಅಂದರು.

"ನಮ್ಮ ಗದ್ದೇನೇ ಅಪ್ಪ. ಕೊಯ್ಲಿನ ದಿನ ತೆಗೆದಿದ್ದು."

"ಇಷ್ಟು ಕರೀ ಮೋಡ ಕಟ್ಟಿದ್ರೆ ಅವತ್ತು ಕೊಯ್ಲಿಗೆ ಆಳು ಕರೀತಿದ್ನೇನೋ ನಾನು?"

ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ಒಂದು ಹನಿಯೂ ಬಿದ್ದಿರಲಿಲ್ಲ. ಬಿಳಿ ಮೋಡವನ್ನು ಮಳೆಮೋಡ ಮಾಡಿದ್ದು ನಾನು. ದೇವರ ಮೂರ್ತಿಯ ಹಿಂದಿನ ಪ್ರಭಾವಳಿ ಥರ ಗುಡ್ಡದ ಅಂಚಿಗೆ ಬೆಳ್ಳನೆ ಬೆಳಕು ಕೂರಿಸಿದ್ದೂ ನಾನೇ.

"ಎಚ್‌ಡಿಆರ್ ಅಂದ್ರೇನೇ ಮೋಸ" ಅನ್ನೋರ ಪಾರ್ಟಿ ನಾನಲ್ಲ. ಬಿಸಿಲು, ನೆರಳು ಎರಡನ್ನೂ ಒಂದೇ ಎಕ್ಸ್‌ಪೋಷರಿನಲ್ಲಿ ಹಿಡಿಯೋಕಾಗಲ್ಲ ಅನ್ನೋದು ಕ್ಯಾಮೆರಾದಷ್ಟೇ ಹಳೇ ತಾಪತ್ರಯ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಆಕಾಶಕ್ಕೊಂದು, ಸಮುದ್ರಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಸೇರಿಸಿ ಪ್ರಿಂಟ್ ಹಾಕಿದ್ದ. ನಾವು ಮೈನಸ್ 2, ಸೊನ್ನೆ, ಪ್ಲಸ್ 2 ಅಂತ ಮೂರು ಶಾಟ್ ತೆಗೆಯೋದೂ ಅದಕ್ಕೇ. ಮೊದಲನೆಯದಕ್ಕೂ ಕೊನೆಯದಕ್ಕೂ 16 ಪಟ್ಟು ಬೆಳಕಿನ ವ್ಯತ್ಯಾಸ. ನನ್ನ ತಕರಾರು ಇರೋದು ಮೂರನ್ನೂ ಸೇರಿಸಿದ ಮೇಲೆ ನಾವು ಮಾಡೋ ಕರಾಮತ್ತಿನ ಬಗ್ಗೆ.

ಹೇಲೋ ಎಲ್ಲಿಂದ ಬರುತ್ತೆ? ಲೋಕಲ್ ಟೋನ್ ಮ್ಯಾಪಿಂಗ್ ಪ್ರತಿ ಪಿಕ್ಸೆಲನ್ನೂ ಅದರ ನೆರೆಹೊರೆಯ ಜೊತೆ ಹೋಲಿಸಿ ನೋಡುತ್ತೆ. ಅಂಚಿನ ಆಕಾಶದ ನೆರೆಯಲ್ಲಿ ಕಪ್ಪು ಗುಡ್ಡ ಇದೆಯಲ್ಲ, "ಓಹೋ, ಇದು ಕತ್ತಲೆ ಜಾಗ" ಅಂದುಕೊಂಡು ಉಳಿದ ಆಕಾಶವನ್ನು ತಗ್ಗಿಸಿ ಇಲ್ಲಿ ಮಾತ್ರ ಬೆಳಕು ಬಿಡುತ್ತೆ. ಇಂಜಿನಿಯರುಗಳಾದ ನಾವು ಇದನ್ನು ಬಗ್ ಅಂತ ಬೈಯೋ ಹಾಗೂ ಇಲ್ಲ. ಹೇಳಿದ ಲೆಕ್ಕವನ್ನೇ ಅದು ಮಾಡಿದೆ.

ಆದ್ದರಿಂದ ಸಾಫ್ಟ್‌ವೇರ್ ಆರಿಸುವಾಗ ಎಷ್ಟು ಪ್ರಿಸೆಟ್ ಇದೆ ಅಂತ ಕೇಳಬೇಡಿ. ಏನೂ ಮುಟ್ಟದೆ ಬಿಟ್ಟರೆ ಹೇಗೆ ಕಾಣುತ್ತೆ ಅಂತ ಕೇಳಿ. ನನ್ನ ಓಟು ಎಕ್ಸ್‌ಪೋಷರ್ ಫ್ಯೂಷನ್‌ಗೆ. ಮೆರ್ಟೆನ್ಸ್, ಕೌಟ್ಸ್, ವಾನ್ ರೀತ್ ಎಂಬ ಮೂವರು 2007ರಲ್ಲಿ ಪ್ರಕಟಿಸಿದ ವಿಧಾನ ಇದು. ಪ್ರತಿ ಜಾಗಕ್ಕೂ ಯಾವ ಶಾಟಿನಲ್ಲಿ ಚೆನ್ನಾಗಿ ಬಂದಿದೆಯೋ ಅದಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತೆ, ಅಷ್ಟೇ. ಎನ್‌ಫ್ಯೂಸ್ ಇದೇ ಕೆಲಸ ಮಾಡುತ್ತೆ. ಪುಕ್ಕಟೆ, ಓಪನ್ ಸೋರ್ಸ್. ಫೋಟೋಮ್ಯಾಟಿಕ್ಸ್ ಇದ್ದವರು ಅದರೊಳಗಿನ ಫ್ಯೂಷನ್ ಆಯ್ಕೆಯಿಂದ ಶುರು ಮಾಡಿ. ಲೈಟ್‌ರೂಮಿನಲ್ಲಿ 2015ರಿಂದ ಮರ್ಜ್ ಒಳಗೇ ಇದೆ. ಅದು ಕೊಡೋ ಡಿಎನ್‌ಜಿ ಫೈಲನ್ನು ಮಾಮೂಲಿ ರಾ ಫೈಲಿನ ಹಾಗೇ ತಿದ್ದಬಹುದು. ಅಲ್ಲೂ ಅತಿ ಮಾಡಿದರೆ ಹೇಲೋ ಬಂದೇ ಬರುತ್ತೆ. ಫ್ಯೂಷನ್ನಿನದೂ ಒಂದು ದೋಷ ಇದೆ, ಚಿತ್ರ ಸ್ವಲ್ಪ ಸಪ್ಪೆ. ಕೊನೆಗೆ ಚಿಟಿಕೆ ಕಾಂಟ್ರಾಸ್ಟ್ ಹಾಕಿ, ಉಪ್ಪಿನ ಹಾಗೆ. ಆಮೇಲೆ ಚಿತ್ರವನ್ನು ಚಿಕ್ಕದು ಮಾಡಿ ನೋಡಿ, ಅಗಲವಾದ ಹೇಲೋ ಅಲ್ಲೇ ಕಾಣೋದು. ಜೂಮ್ ಮಾಡಿ ಮರದ ತುದಿ ನೋಡಿ. ನೆರಳು ನೆರಳಾಗೇ ಉಳಿದಿದೆಯಾ ನೋಡಿ.

"ಇದು ಕಲೆ, ನನ್ನಿಷ್ಟ" ಅಂತೀರಾ? ಒಪ್ಪಿದೆ. ಹಾಗಾದ್ರೆ ಕೆಳಗೆ "ಮುಳ್ಳಯ್ಯನಗಿರಿ, ಬೆಳಗ್ಗೆ ಆರು ಗಂಟೆ" ಅಂತ ಬರೀಬೇಡಿ. ಜಾಗ, ಹೊತ್ತು ಬರೆದ ಮೇಲೆ ಆ ಫೋಟೋ ಸಾಕ್ಷಿ ಹೇಳುತ್ತೆ, ಸುಳ್ಳು ಸಾಕ್ಷಿ ಹೇಳಿಸಬಾರದು. ವೀಕೆಂಡಿಗೆ ಹೋಗಿ ಬರೋ ನಮಗೆ ಗುಡ್ಡ ಅಂದ್ರೆ ವಾಲ್‌ಪೇಪರ್. ಅದರ ಬುಡದಲ್ಲಿ ಬದುಕೋರಿಗೆ ಮೋಡದ ಬಣ್ಣ ಅಂದ್ರೆ ಅವತ್ತಿನ ಕೂಲಿ, ಕಣದಲ್ಲಿ ಹರವಿದ ಭತ್ತ.

ಅದೇ ಮೂರು ಶಾಟನ್ನು ಎನ್‌ಫ್ಯೂಸಿಗೆ ಹಾಕಿ, ಹೊಸ ಪ್ರಿಂಟ್ ಮಾಡಿಸಿ ಊರಿಗೆ ಕಳಿಸಿದೆ. ವಾರ ಬಿಟ್ಟು ಅಪ್ಪ ಫೋನ್ ಮಾಡಿದರು. ಫೋಟೋ ಚೆನ್ನಾಗಿದೆ ಅಂತೇನೂ ಹೇಳಲಿಲ್ಲ.

"ಮೂಲೆ ಗದ್ದೆ ಬದು ಕುಸಿದಿರೋದು ಅದ್ರಲ್ಲಿ ಕಾಣ್ತಿದೆ ಕಣೋ. ನಾನು ನೋಡೇ ಇರ್ಲಿಲ್ಲ" ಅಂದರು.