ಬಾಯ್ಲರ್ 75ರಲ್ಲಿ ಯಾಕಿರಬೇಕು?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರೋ ನಮ್ಮಕ್ಕ ಡಿಸೆಂಬರ್‌ನಲ್ಲಿ ವಿಡಿಯೋ ಕಾಲ್ ಮಾಡಿದಾಗ ಮನೆಯೊಳಗೇ ಎರಡು ಸ್ವೆಟರ್ ಹಾಕಿಕೊಂಡಿದ್ದಳು. ಗ್ಯಾಸ್ ಬಿಲ್‌ಗೆ ಹೆದರಿ ಹೀಟಿಂಗ್ ಆಗಾಗ ಆಫ್ ಮಾಡ್ತಾಳಂತೆ, ಅದೂ ಆರು ತಿಂಗಳ ಮಗು ಇರೋ ಮನೇಲಿ. "ಬಾಯ್ಲರ್ ಎಷ್ಟಕ್ಕಿಟ್ಟಿದ್ದೀಯ?" ಅಂದೆ. "20" ಅಂದಳು. ಅದು ಗೋಡೆ ಮೇಲಿನ ಥರ್ಮೋಸ್ಟಾಟ್, ರೂಮಿಗೆ. ರೇಡಿಯೇಟರಿಗೆ ಹೋಗೋ ನೀರಿನ ಸೆಟ್ಟಿಂಗ್ ಬೇರೆ, ಬಾಯ್ಲರ್ ಮೇಲೇ ಇರುತ್ತೆ. ಅಲ್ಲಿ 75 ಇತ್ತು.

ನನ್ನ ಪ್ರಕಾರ ಅದು ದುಡ್ಡನ್ನು ಹೊಗೆ ಕೊಳವೆಯಲ್ಲಿ ಬಿಡೋ ಕೆಲಸ. ಅಲ್ಲಿ ಈಗಿರೋ ಬಾಯ್ಲರ್‌ಗಳು ಬಹುತೇಕ ಕಂಡೆನ್ಸಿಂಗ್ ಥರದವು. ಹೊಗೆಯಲ್ಲಿರೋ ನೀರಾವಿ ತಣಿದು ನೀರಾದರೆ ಅದರ ಸುಪ್ತೋಷ್ಣ ನಮಗೇ ವಾಪಸ್ ಸಿಗುತ್ತೆ (ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ವಲ್ಲ, ಅದೇ). ಆದರೆ ಅದಕ್ಕೆ ರೇಡಿಯೇಟರ್ ಸುತ್ತಿ ಬರೋ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. 75ರಲ್ಲಿ ಕಳಿಸಿದರೆ ಅದು ಕಷ್ಟ. 60ಕ್ಕೆ ಇಳಿಸಿ ಅಂದೆ.

ಭಾವ ಒಪ್ಪಲಿಲ್ಲ. "ಮನೆ ಬೆಚ್ಚಗಾಗೋಕೆ ಲೇಟಾಗುತ್ತೆ." ನಿಜ, ಆಗುತ್ತೆ. ಸ್ವಲ್ಪ ಮುಂಚೆ ಆನ್ ಮಾಡಿ. ತೀರಾ ಚಳಿಯಿದ್ದ ದಿನ ಐದು ಡಿಗ್ರಿ ಏರಿಸಿ.

ಸ್ನಾನದ ನೀರಿನ ಕಥೆ ಬೇರೆ. ಅಕ್ಕನ ಮನೇದು ಕಾಂಬಿ. ಟ್ಯಾಂಕ್ ಇಲ್ಲ, ನಲ್ಲಿ ತಿರುಗಿಸಿದಾಗಷ್ಟೇ ಕಾಯುತ್ತೆ, 50 ಸಾಕು. ಸಿಲಿಂಡರಿನಲ್ಲಿ ಬಿಸಿನೀರು ತುಂಬಿಡೋ ಮನೆಯವರು ಮಾತ್ರ ಅದನ್ನ 60ಕ್ಕಿಂತ ಇಳಿಸಬಾರದು, ಉಗುರುಬೆಚ್ಚಗಿನ ನೀರಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತೆ. ಅಂಥವರ ಬಾಯ್ಲರ್ ಇನ್ನೂ ಬಿಸಿ ಇರಲೇಬೇಕು.

ಮೊನ್ನೆ ಅಕ್ಕ ಮತ್ತೆ ಕಾಲ್ ಮಾಡಿದ್ಲು. ಒಂದೇ ಸ್ವೆಟರ್. ಬಿಲ್ ಇನ್ನೂ ಬಂದಿಲ್ಲ.