ಗಾಳಿ ನಿಂತಾಗ ಎಣ್ಣಿ ಹೊಡೆಯಬೇಡಿ

ನಮ್ಮ ಮಂಠಾಳ ಭಾಗದಲ್ಲಿ ತೊಗರಿ ಹೂವಿಗೆ ಬಂತೆಂದರೆ ಕಾಯಿಕೊರಕದ ಚಿಂತೆ ಶುರು. ಆಗ ಎಲ್ಲರೂ ಹೇಳುವ ಮಾತು ಒಂದೇ: ‘ನಸುಕಿನ್ಯಾಗ ಗಾಳಿ ಇರಂಗಿಲ್ಲ, ಆಗ ಎಣ್ಣಿ ಹೊಡೀರಿ.’ ಇದು ಅರ್ಧ ಮಾತ್ರ ಖರೆ. ಗಾಳಿ ಅಡ್ಡ ಬೀಸುವುದು ಒಂದು, ಮೇಲೆ ಕೆಳಗೆ ಕಲೆಯುವುದು ಇನ್ನೊಂದು. ನಾವು ಮೊದಲನೆಯದನ್ನಷ್ಟೇ ನೋಡುತ್ತೇವೆ.

ಕಾರ್ತೀಕ, ಮಾರ್ಗಶಿರದಲ್ಲಿ ಆಕಾಶ ತಿಳಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಹತ್ತಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂಡುತ್ತದೆ. ನಸುಕಿನಲ್ಲಿ ಒಲೆಯ ಹೊಗೆ ಸ್ವಲ್ಪ ಏರಿ, ಊರ ಮೇಲೆ ಚಾಪೆ ಹಾಸಿದಂತೆ ನಿಲ್ಲುವುದು ಇದಕ್ಕೇ.

ಆ ಹೊತ್ತಿನಲ್ಲಿ ಹೊಡೆದ ಎಣ್ಣಿಯ ದಪ್ಪ ಹನಿ ಗಿಡಕ್ಕೆ ಬೀಳುತ್ತದೆ. ಮಂಜಿನಂಥ ಹನಿ ಬೀಳುವುದೂ ಇಲ್ಲ, ಮೇಲೆ ಹೋಗಿ ಚೆದುರುವುದೂ ಇಲ್ಲ. ತಗ್ಗು ಹುಡುಕಿಕೊಂಡು ತೇಲಿ ಪಕ್ಕದವರ ಮೇವಿಗೆ, ಬಾವಿಗೆ, ದನದ ಕೊಟ್ಟಿಗೆಗೆ ಹೋಗುತ್ತದೆ. ಪಂಪು ಹೊತ್ತವನ ಮೂಗಿಗಂತೂ ಮೊದಲು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಾ ವಿಷ ಏರಿ ಸುಮಾರು 20 ಮಂದಿ ಸತ್ತರು. ಅದಕ್ಕೆ ಕಾರಣಗಳು ಹಲವು. ಆದರೆ ಉಸಿರಾಡುವ ಗಾಳಿಯಲ್ಲಿ ವಿಷ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಂತ ನಡುಮಧ್ಯಾಹ್ನವೂ ಬೇಡ. ಕಾದ ನೆಲದಿಂದ ಗಾಳಿ ಎಸರು ಕುದ್ದಂತೆ ಏಳುತ್ತದೆ, ಹನಿ ಎಲೆ ಮುಟ್ಟುವ ಮೊದಲೇ ಆರುತ್ತದೆ. ಬದುವಿನ ಮೇಲೆ ಒಂದು ಕುಳ್ಳು ಹೊಗೆಯಾಡಿಸಿ ನೋಡಿ. ಹೊಗೆ ಮೇಲೇರಿ ಚೆದುರುತ್ತಿರಬೇಕು, ಎಲೆ ಅಲುಗುವಷ್ಟು ಗಾಳಿ ಒಂದೇ ದಿಕ್ಕಿಗೆ ಇರಬೇಕು. ಹೊತ್ತು ಏರಿ ಒಂದೆರಡು ತಾಸಿಗೆ ಹೀಗಾಗುತ್ತದೆ. ಆಗ ಜೇನು ಹೂವಿನ ಮೇಲಿದ್ದರೆ ಬಿಸಿಲು ಇಳಿದ ಮೇಲೆ ಹೊಡೆದು, ಹೊತ್ತು ಮುಳುಗುವ ಮುಂಚೆಯೇ ಮುಗಿಸಿ.

ಗಾಳಿಯ ಈ ಕಲೆತವನ್ನು ಅಳೆಯುವ ಯಂತ್ರವೂ ಇದೆ. ಅದು ಸಣ್ಣ ಕಡ್ಡಿಗಳ ನಡುವೆ ಶಬ್ದ ಕಳಿಸಿ, ಅದು ತಲುಪುವ ವೇಳೆಯಿಂದ ಗಾಳಿ ಏರುವುದು, ಇಳಿಯುವುದನ್ನು ಸೆಕೆಂಡಿಗೆ 10–20 ಸಲ ಅಳೆಯುತ್ತದೆ. 2016ರಿಂದ 2018ರವರೆಗೆ ಧಾರವಾಡದಲ್ಲಿ, ಗುಂಡ್ಲುಪೇಟೆ ಕಡೆಯ ಬೇರಂಬಾಡಿಯಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಮುಂಗಾರಿನ ಅಧ್ಯಯನಕ್ಕೆ ಇಂಥ ಅಳತೆ ಮಾಡಿದರು. ಒಳ್ಳೆಯ ಕೆಲಸ. ಆದರೆ ಇಂಥ ಅರಿವು ಎಣ್ಣಿ ಹೊಡೆಯುವವನಿಗೂ ಮುಟ್ಟಬೇಕಲ್ಲ?

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿಗೊಂದು ಹವಾಮಾನ ಕಂಬ ನೆಟ್ಟಿದೆ. ಮಳೆ, ಉಷ್ಣ, ಗಾಳಿಯ ವೇಗ ಅದರಿಂದ ಸಿಗುತ್ತದೆ. ಆ ದುಬಾರಿ ಯಂತ್ರವನ್ನು ಹೋಬಳಿಗೊಂದು ಕೊಡಿ ಎಂದು ನಾನು ಕೇಳುವುದಿಲ್ಲ. 2 ಮೀಟರಿಗೆ ಒಂದು, 10 ಮೀಟರಿಗೆ ಒಂದು ಥರ್ಮಾಮೀಟರು ಸಾಕು. ಮೇಲಿನದು ಕೆಳಗಿನದಕ್ಕಿಂತ ಬೆಚ್ಚಗಿದ್ದರೆ ಮುಚ್ಚಳ ಬಿದ್ದಿದೆ ಎಂದರ್ಥ. ‘ಈಗ ಹೊಡೆಯಬೇಡಿ’ ಎಂದು ಮೊಬೈಲಿಗೆ ಒಂದು ಸಾಲು ಬರಲಿ.

ಆಸ್ಟ್ರೇಲಿಯಾದಲ್ಲಿ ಧಾನ್ಯ, ಹತ್ತಿ ಬೆಳೆಗಾರರಿಗೆ ಇಂಥ ಗೋಪುರಗಳಿಂದ ಹತ್ತು ನಿಮಿಷಕ್ಕೊಮ್ಮೆ ಸುದ್ದಿ ಸಿಗುತ್ತದೆ. ಅಲ್ಲಿನವರು ಟ್ರ್ಯಾಕ್ಟರಿನ ಮೇಲೆ ಕೂತು ಹೊಡೆಯುತ್ತಾರೆ. ನಾವು ಬೆನ್ನ ಮೇಲೆ ಹೊತ್ತು, ಆ ಮಂಜಿನ ಒಳಗೇ ನಡೆಯುವವರು. ಈ ಸುದ್ದಿ ಮೊದಲು ಬೇಕಾದದ್ದು ನಮಗೆ.