ಮನೆಯಲ್ಲಿ ಕಟ್ಟಿದ ಕಾರಿಗೊಂದು ನಂಬರು

ಹಳೆಯ ಸ್ಪೋರ್ಟ್ಸ್ ಕಾರೊಂದರ ಪ್ರತಿರೂಪವನ್ನು ಮನೆಯ ಶೆಡ್ಡಿನಲ್ಲಿ ಕಟ್ಟಲು ಹೊರಟವರಿಗೆ ನಮ್ಮಲ್ಲಿ ಎರಡು ಮಾತು ಎದುರಾಗುತ್ತವೆ. ನಕಲು ಮಾಡುವುದರಲ್ಲಿ ಏನು ದೊಡ್ಡಸ್ತಿಕೆ ಎಂಬುದು ಒಂದು. ಕಟ್ಟಿದರೂ ರಸ್ತೆಗೆ ಇಳಿಸುವಂತಿಲ್ಲವಲ್ಲ ಎಂಬುದು ಇನ್ನೊಂದು. ಎರಡನೆಯ ಮಾತು ಇವತ್ತಿನ ಕಾನೂನಿನ ಮಟ್ಟಿಗೆ ನಿಜ. ಮೊದಲನೆಯದು ಪೂರಾ ತಪ್ಪು. ಅದು ತಪ್ಪಾಗಿರುವುದರಿಂದಲೇ ಕಾನೂನೂ ಬದಲಾಗಬೇಕು ಎಂಬುದು ನನ್ನ ವಾದ. ಈ ವಾದವನ್ನು ಬೆಂಗಳೂರಿನ ಶ್ರೀಮಂತರ ಗ್ಯಾರೇಜುಗಳನ್ನು ನೋಡಿ ಅಲ್ಲ, ಚಿನ್ನದ ಗಣಿಗಳ ಕೆ.ಜಿ.ಎಫ್. ಮತ್ತು ಪಕ್ಕದ ಬಂಗಾರಪೇಟೆಯನ್ನು ನೋಡಿ ಮಾಡಬೇಕು.

ಬ್ರಿಟಿಷ್ ಗಣಿ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಇಲ್ಲಿ ಕಾಲಿಟ್ಟ ಮೇಲೆ ಈ ಸೀಮೆ ಯಂತ್ರಗಳ ಸೀಮೆಯಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗಳಿಗೆ ವಿದ್ಯುತ್ ತಂದರು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಿಂದ ಆಳುಗಳನ್ನೂ ಅದಿರನ್ನೂ ಎತ್ತುವ ಯಂತ್ರದ ಬಿಡಿಭಾಗ ಮುರಿದರೆ, ವಿಲಾಯಿತಿಯಿಂದ ಹಡಗಿನಲ್ಲಿ ಹೊಸದು ಬರುವವರೆಗೆ ಗಣಿ ಕಾಯುತ್ತಾ ಕೂರುವಂತಿರಲಿಲ್ಲ. ಮುರಿದ ತುಂಡನ್ನು ಅಳೆದು, ಲೇತಿಗೆ ಕಟ್ಟಿ, ಅದರಂಥದ್ದೇ ಇನ್ನೊಂದನ್ನು ತೆಗೆಯುವವನೇ ಇಲ್ಲಿ ಬೇಕಾದ ಕೆಲಸಗಾರ. ಅಂಥ ನಕಲಿನಿಂದಲೇ ಕೈ ಪಳಗುತ್ತದೆ. ಆಮೇಲೆ ಬೆಮೆಲ್ ಕಾರ್ಖಾನೆ ಬಂತು, ಬುಲ್ಡೋಜರುಗಳು ಇಲ್ಲಿ ತಯಾರಾದವು. 2001ರ ಫೆಬ್ರವರಿ 28ರಂದು ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಊರಿನ ದುಡಿಯುವ ಕೈಗಳು ಬೆಳಗಿನ ರೈಲು ಹಿಡಿದವು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ಹಾದು ಬೆಂಗಳೂರು ಸೇರುವ ಆ ಬೋಗಿಗಳಲ್ಲಿ ಕೂತವರಿಗೆ ಊರಲ್ಲಿ ಸಿಗದೆ ಹೋದದ್ದು ಸಂಬಳ ಮಾತ್ರವಲ್ಲ, ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಮಾಡುವ ಅವಕಾಶವೂ ಹೌದು.

ನಕಲು ಏನನ್ನು ಕಲಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಮನೆಯಲ್ಲಿ ಕಾರು ಕಟ್ಟುವವರ ಅಚ್ಚುಮೆಚ್ಚಿನ ಮಾದರಿ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಬ್ರಿಟಿಷ್ ಲೇಖಕ, ಅಂಥ ಕಾರನ್ನು 250 ಪೌಂಡಿನಲ್ಲೂ ಕಟ್ಟಬಹುದೆಂದು ಪುಸ್ತಕವನ್ನೇ ಬರೆದ. ಆ ಕಾರಿನ ಚೌಕಟ್ಟಿಗೆ ಬೇಕಾದದ್ದು ಒಂದಿಂಚಿನ ಚೌಕ ಕೊಳವೆ, ಗೋಡೆಯ ದಪ್ಪ 1.6 ಮಿ.ಮೀ. ಪ್ಲೈವುಡ್ ಹಲಗೆಯ ಮೇಲೆ ಗೆರೆ ಎಳೆದು, ಕೊಳವೆಗಳನ್ನು ಮರದ ತುಂಡುಗಳ ನಡುವೆ ಬಿಗಿದು, ಮೊದಲು ಅಲ್ಲಲ್ಲಿ ಟ್ಯಾಕ್, ಅಂದರೆ ಚುಕ್ಕಿ ಬೆಸುಗೆ, ಹಾಕಬೇಕು. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡು ಕರ್ಣಗಳೂ ಸಮ ಬಂದವೆಂದು ಖಾತ್ರಿಯಾದ ಮೇಲೆಯೇ ಪೂರ್ತಿ ವೆಲ್ಡಿಂಗ್. ಅದನ್ನೂ ಒಂದೇ ಮೂಲೆಯಲ್ಲಿ ಮುಗಿಸುವಂತಿಲ್ಲ. ಕಾದ ಉಕ್ಕು ತಣಿಯುವಾಗ ಕುಗ್ಗಿ ಕೊಳವೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಕುತ್ತಾ ಆ ಎಳೆತವನ್ನು ಸರಿದೂಗಿಸಬೇಕು. ಚೌಕಟ್ಟು ಸೊಟ್ಟಗಾದರೆ ನಾಳೆ ಸ್ಟಿಯರಿಂಗ್ ಒಂದು ಕಡೆಗೆ ಎಳೆಯಬಹುದು. ಇನ್ನು ಎಂಜಿನ್ನಿನ ಪ್ರಶ್ನೆ. ಸೆವೆನ್‌ನಲ್ಲಿ ಎಂಜಿನ್ ಮುಂದೆ, ಅದು ತಿರುಗಿಸುವ ಚಕ್ರ ಹಿಂದೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಮಾರುತಿ 800 ಮುಂದಿನ ಚಕ್ರಗಳನ್ನು ತಿರುಗಿಸುವ ಗಾಡಿ. ಹಾಗಾಗಿ ಹಿಂದಿನ ಚಕ್ರಗಳನ್ನು ತಿರುಗಿಸುವ ಓಮ್ನಿಯ 796 ಸಿ.ಸಿ. ಎಂಜಿನ್ ಕಡೆಗೆ ನೋಡಬೇಕಾಗುತ್ತದೆ. ಅದು ಸೆವೆನ್‌ನ ಮುಂಭಾಗದಲ್ಲಿ ಕೂರಲು ಎಂಜಿನ್ ಮೌಂಟಿನಿಂದ ಪ್ರೊಪೆಲ್ಲರ್ ಶಾಫ್ಟಿನವರೆಗೆ ಎಲ್ಲವನ್ನೂ ಹೊಸದಾಗಿ ಯೋಚಿಸಬೇಕು. ಆಕಾರ ಇನ್ನೊಬ್ಬರದಾದರೂ ಲೆಕ್ಕವೆಲ್ಲ ಕಟ್ಟುವವನದೇ. ಸಂಗೀತ ಕಲಿಯುವ ಮಗು ಪಿಳ್ಳಾರಿ ಗೀತೆ ಹಾಡಿದರೆ ಅದನ್ನು ಪುರಂದರದಾಸರ ನಕಲು ಎಂದು ಯಾರೂ ಹೀಗಳೆಯುವುದಿಲ್ಲ.

ಇಂಥ ವಿದ್ಯೆ ಬೆಳೆಯುವುದೂ ಬತ್ತುವುದೂ ಬಹುಪಾಲು ಕಾನೂನಿನ ಕೈಯಲ್ಲಿದೆ. ಬ್ರಿಟನ್ನಿನಲ್ಲಿ ಹಿಂದೆ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆಗೆ ಇರಲಿಲ್ಲ. ಆ ಒಂದು ಸಂದಿಯಿಂದಾಗಿ ಜನ ಸ್ಪ್ಯಾನರ್ ಹಿಡಿದರು. ನಮ್ಮಲ್ಲೂ ಕಂಪನಿಗಳಿಗೆ ದಾರಿಯಿತ್ತು: ಅದೇ ದೇಶದ ರಿಲಯಂಟ್ ಕಿಟನ್ ಎಂಬ ಫೈಬರ್‌ಗ್ಲಾಸ್ ಕಾರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸಿಪಾನಿ ಡಾಲ್ಫಿನ್ ಆಗಿ ತಯಾರಾಯಿತು. ಮಹಾರಾಷ್ಟ್ರದ ಅಲಿಬಾಗ್ ಬಳಿ ಚಿಂಕಾರಾ ಮೋಟರ್ಸ್ ಸೆವೆನ್ ಮಾದರಿಯ ರೋಡ್‌ಸ್ಟರ್‌ಗೆ 1.8 ಲೀಟರಿನ ಇಸುಜು ಎಂಜಿನ್ ಕೂರಿಸಿತು. ಆದರೆ ಒಬ್ಬನೇ ಒಂದೇ ಕಾರು ಕಟ್ಟಿದರೆ ಅವನಿಗೆ ನಮ್ಮಲ್ಲಿ ದಾರಿಯೇ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮ ತಯಾರಕ ಕಂಪನಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಮಾದರಿ ವಾಹನವೊಂದನ್ನು ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಗೆ ಪರೀಕ್ಷೆಗೆ ಕೊಡಬೇಕೆನ್ನುತ್ತದೆ. ಸಾವಿರ ಕಾರು ಮಾರುವವರಿಗೆ ಆ ಪರೀಕ್ಷೆಯ ಖರ್ಚು ಹಂಚಿಹೋಗುತ್ತದೆ, ಒಂದೇ ಕಾರು ಕಟ್ಟುವವನ ಮೇಲೆ ಪೂರ್ತಿ ಬೀಳುತ್ತದೆ. ಹಳೆಯ ಗಾಡಿಯನ್ನೇ ಬದಲಿಸೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ನಿಲ್ಲುತ್ತದೆ; 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. 2021ರಲ್ಲಿ ಸಾಂಗ್ಲಿ ಜಿಲ್ಲೆಯ ಕಬ್ಬಿಣಗೆಲಸದವರೊಬ್ಬರು ಗುಜರಿಯಿಂದ ಪುಟ್ಟ ಕಾರು ಕಟ್ಟಿದಾಗ, ಉದ್ಯಮಿ ಆನಂದ್ ಮಹೀಂದ್ರಾ ಅವರನ್ನು ಮೆಚ್ಚಿದರು, ನಿಯಮ ಮೀರಿರುವುದರಿಂದ ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆಂದೂ ಹೇಳಿ ಬದಲಿಗೆ ಬೊಲೆರೊ ಕೊಡಲು ಮುಂದೆ ಬಂದರು. ಅವರ ಔದಾರ್ಯ ದೊಡ್ಡದು. ಆದರೂ ಕಟ್ಟಿದವನಿಗೆ ಕೊಂಡ ಕಾರು ಉಡುಗೊರೆಯಾಗಿ ಬರುವ ಬದಲು, ಕಟ್ಟಿದ ಕಾರಿಗೇ ನಂಬರು ಸಿಗಬೇಕಿತ್ತು.

ಸುರಕ್ಷತೆಯ ಆಕ್ಷೇಪ ಹಗುರವಾದದ್ದಲ್ಲ. ಇರುವ ಒಂದೇ ಕಾರನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಲಾಗದು. ಮನೆಯಲ್ಲಿ ಕಟ್ಟಿದ್ದು ಹೊಸ ಕಾರಿನಷ್ಟು ಭದ್ರವಾಗಿರುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಕೇಂದ್ರ ಸರ್ಕಾರವೇ 2021ರ ಜುಲೈನಲ್ಲಿ 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನೂ ‘ವಿ.ಎ.’ ಎಂಬ ಅಕ್ಷರಗಳನ್ನೂ ಕೊಟ್ಟಿದೆ. ದಿನನಿತ್ಯದ ಓಡಾಟಕ್ಕಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿಯಂಥ ಕೆಲಸಗಳಿಗೆ. ಸೀಟ್ ಬೆಲ್ಟೇ ಇಲ್ಲದೆ ಹುಟ್ಟಿದ ಕಾರು ಹೀಗೆ ರಸ್ತೆಗೆ ಬರಬಹುದಾದರೆ, ಡಿಸ್ಕ್ ಬ್ರೇಕೂ ಬೆಲ್ಟೂ ಇರುವ ಹೊಸ ಪ್ರತಿರೂಪ ಅಷ್ಟೇ ಮಿತಿಯೊಳಗೆ ಏಕೆ ಬರಬಾರದು? ಬ್ರಿಟನ್ನಿನಲ್ಲಿ ಒಂಟಿ ವಾಹನದ ಪರೀಕ್ಷೆ ಇದೆ. ಸರ್ಕಾರಿ ಪರೀಕ್ಷಕರೇ ಬ್ರೇಕು, ಸ್ಟಿಯರಿಂಗ್, ಬೆಲ್ಟಿನ ಬಿಗಿತ, ದೀಪ, ಹೊಗೆ, ಹೊರಚಾಚಿದ ಚೂಪು ಅಂಚು ಎಲ್ಲವನ್ನೂ ನೋಡುತ್ತಾರೆ. ಅಸಲಿನ ಹೆಸರಿನಲ್ಲಿ ಮೋಸವಾಗುತ್ತದೆ ಎಂಬ ಭಯಕ್ಕೂ ಅಲ್ಲಿ ಉತ್ತರವಿದೆ: ಗುರುತು, ವಯಸ್ಸು ಖಚಿತವಾಗದ ಗಾಡಿಗೆ ‘ಕ್ಯೂ’ ಅಕ್ಷರದ ಫಲಕ ಕೊಡುತ್ತಾರೆ, ಅದನ್ನು ಹಳೆಯ ಅಸಲೆಂದು ಮಾರುವುದು ಸುಲಭವಲ್ಲ. ವಿನ್ಯಾಸದ ಕಳವೆನ್ನುವವರು ನಮ್ಮ 2000ದ ವಿನ್ಯಾಸ ಕಾಯ್ದೆಯನ್ನು ನೋಡಬೇಕು. ನೋಂದಾಯಿಸಿದ ವಿನ್ಯಾಸಕ್ಕೂ ರಕ್ಷಣೆ ಹೆಚ್ಚೆಂದರೆ 15 ವರ್ಷ. ಕಂಪನಿಯ ಹೆಸರನ್ನೂ ಲಾಂಛನವನ್ನೂ ಅಂಟಿಸಿಕೊಳ್ಳುವುದು ತಪ್ಪು, ಅದಕ್ಕೆ ಅವಕಾಶ ಬೇಡ. ಅಷ್ಟಕ್ಕೂ ಹಳೆಯ ಮಾದರಿಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಅಸಲಿನ ಕಂಪನಿಯೂ ಕೈಹಾಕಿದ್ದುಂಟು: ಜಾಗ್ವಾರ್ 1963ರಲ್ಲಿ 18 ಹಗುರ ಇ-ಟೈಪ್ ಕಾರುಗಳನ್ನು ಯೋಜಿಸಿ 12 ಮಾತ್ರ ಕಟ್ಟಿತ್ತು; ಉಳಿದ ಆರನ್ನು ಸುಮಾರು ಅರ್ಧ ಶತಮಾನದ ನಂತರ 2014ರಲ್ಲಿ ಕಟ್ಟಲು ಹೊರಟಿತು.

ಇದೆಲ್ಲ ಉಳ್ಳವರ ಶೋಕಿ ಎಂಬ ಮಾತು ಕೊನೆಗೆ ಉಳಿಯುತ್ತದೆ. ದಾರಿ ಮುಚ್ಚಿರುವಾಗ ಅದು ಶೋಕಿಯೇ ಆಗಿಬಿಡುತ್ತದೆ, ಏಕೆಂದರೆ ನಂಬರಿಲ್ಲದ ಕಾರನ್ನು ಅಂಗಳದಲ್ಲಿ ನಿಲ್ಲಿಸಿಕೊಳ್ಳಲು ಹಣವಿದ್ದವನಿಗಷ್ಟೇ ಸಾಧ್ಯ. ಒಂಟಿ ಕಾರಿನ ಪರೀಕ್ಷೆಗೆ ಮಿತವಾದ ಶುಲ್ಕವಿಟ್ಟು, ಬೇರೆ ಅಕ್ಷರದ ಫಲಕ ಕೊಟ್ಟರೆ, ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ವೆಲ್ಡಿಂಗ್ ಅಂಗಡಿಗೂ ಬಂಗಾರಪೇಟೆಯ ಟಿಂಕರಿಂಗ್ ಶೆಡ್ಡಿಗೂ ಚೌಕಟ್ಟು, ಬಾಡಿ, ಬ್ರಾಕೆಟ್ಟುಗಳ ಕೆಲಸ ಬರುತ್ತದೆ, ಪಕ್ಕದ ಐ.ಟಿ.ಐ. ಹುಡುಗರಿಗೆ ಫೈಲು ಉಜ್ಜುವ ಅಭ್ಯಾಸದ ತುಂಡಿನ ಬದಲು ಓಡುವ ಗಾಡಿಯೇ ಪಾಠವಾಗುತ್ತದೆ. ಈ ನಿಯಮ ಬೇಗ ಬರಬೇಕು ಎನ್ನಲು ಇನ್ನೂ ಒಂದು ಕಾರಣವಿದೆ. ಗಣಿ ಮುಚ್ಚಿದಾಗ ನಲವತ್ತರ ಆಸುಪಾಸಿನಲ್ಲಿದ್ದ ಫಿಟ್ಟರು, ಟರ್ನರುಗಳಿಗೆ ಈಗ ಅರವತ್ತು ದಾಟಿದೆ, ಮತ್ತು ಕರ್ಣ ಅಳೆಯುವುದನ್ನು, ವೆಲ್ಡಿನ ಎಳೆತವನ್ನು ಊಹಿಸುವುದನ್ನು ಹುಡುಗರಿಗೆ ಎದುರು ನಿಂತು ಹೇಳಿಕೊಡಬಲ್ಲವರು ಅವರೇ.